ಎಣಿಕೆಗೆ ಸಿಕ್ಕಿದ್ದು, ಸಿಗದೆ ಉಳಿದದ್ದು

ವೈರಸ್ಸೊಂದು ದೇಹವನ್ನು ಹೊಕ್ಕ ಮೇಲೆ ಅದಕ್ಕೂ ದೇಹದ ರಕ್ಷಣಾ ವ್ಯವಸ್ಥೆಗೂ ನಡುವೆ ನಡೆಯುವ ವ್ಯವಹಾರವನ್ನು ಅಭ್ಯಸಿಸುವ ಶಾಸ್ತ್ರವನ್ನು ವೈರಾಣು ಪ್ರತಿರಕ್ಷಾ ವಿಜ್ಞಾನ ಎನ್ನುತ್ತಾರೆ. ಈ ಶಾಸ್ತ್ರದ ಮುಖ್ಯ ಪ್ರಶ್ನೆಗಳಲ್ಲಿ ಬಹಳಷ್ಟು ಕೊನೆಗೆ ಎಣಿಕೆಗೇ ಬಂದು ನಿಲ್ಲುತ್ತವೆ: ಸೋಂಕು ತಗುಲಿದ ಎಂಟನೆಯ ದಿನ ದೇಹದಲ್ಲಿ ವೈರಸ್ಸಿನ ವಿರುದ್ಧ ಎದ್ದು ನಿಂತ ಕೋಶಗಳು ಎಷ್ಟು, ಸೋಂಕು ಅಡಗಿದ ಬಳಿಕ ಅವುಗಳಲ್ಲಿ ಉಳಿದುಕೊಂಡವು ಎಷ್ಟು, ಹಾಗೆ ಉಳಿದವುಗಳಲ್ಲಿ ಕೆಲಸಕ್ಕೆ ಬರುವವು ಎಷ್ಟು. ಇಂಥ ವಿಜ್ಞಾನಿಯ ಸಾಧನೆಯನ್ನು ತೂಗಬೇಕಾಗಿ ಬಂದಾಗ ವಿಶ್ವವಿದ್ಯಾಲಯಗಳೂ ಅನುದಾನ ಸಂಸ್ಥೆಗಳೂ ಹಿಡಿಯುವ ದಾರಿಯೂ ಎಣಿಕೆಯದೇ. ಆತ ಪ್ರಕಟಿಸಿದ ಲೇಖನಗಳು ಎಷ್ಟು, ಅವುಗಳನ್ನು ಇತರರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದ್ದು ಎಷ್ಟು ಬಾರಿ ಎಂಬ ಲೆಕ್ಕ ಅಲ್ಲಿ ಮುಂದೆ ಬರುತ್ತದೆ.

ಹೈದರಾಬಾದಿನಲ್ಲಿ ಹುಟ್ಟಿ, ಅಮೆರಿಕದ ಅಟ್ಲಾಂಟಾ ನಗರದ ಎಮೊರಿ ವಿಶ್ವವಿದ್ಯಾಲಯದಲ್ಲಿ ಲಸಿಕಾ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ರಫಿ ಅಹ್ಮದ್ ಅವರ ವೃತ್ತಿಜೀವನ ಈ ಎರಡೂ ಎಣಿಕೆಗಳನ್ನು ಒಟ್ಟಿಗೆ ಇಟ್ಟು ನೋಡಲು ಅನುವು ಮಾಡಿಕೊಡುತ್ತದೆ. ಅವರ ಲೇಖನಗಳು ಪ್ರತಿರಕ್ಷಾ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳ ಸಾಲಿನಲ್ಲಿ ಸೇರಿವೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಎಣಿಕೆ ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಅವರ ಪ್ರಯೋಗಾಲಯವೇ 1998ರಲ್ಲಿ ಎರಡು ಬೇರೆ ಬೇರೆ ಪ್ರಯೋಗಗಳ ಮೂಲಕ ತೋರಿಸಿಕೊಟ್ಟಿತು.

ಒಂದು ಪ್ರಶ್ನೆ, ಒಂದು ವೈರಸ್ಸು

ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ಅಹ್ಮದ್ ಅಮೆರಿಕದ ಐಡಹೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, 1981ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಬರ್ನಾರ್ಡ್ ಫೀಲ್ಡ್ಸ್ ಅವರೊಂದಿಗೆ ಕೈಗೆತ್ತಿಕೊಂಡದ್ದು ರಿಯೊವೈರಸ್ ಎಂಬ ವೈರಸ್ಸು ಕೋಶಗಳನ್ನು ಕೊಲ್ಲದೆ ಅವುಗಳಲ್ಲೇ ಬೀಡುಬಿಡುವುದು ಹೇಗೆ ಎಂಬ ಸಮಸ್ಯೆಯನ್ನು. ಕೆಲವು ವೈರಸ್ಸುಗಳನ್ನು ದೇಹ ವಾರದೊಳಗೆ ಹೊರದಬ್ಬುತ್ತದೆ, ಕೆಲವು ವರ್ಷಗಟ್ಟಲೆ ಉಳಿದುಬಿಡುತ್ತವೆ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬ ಪ್ರಶ್ನೆ ಅಂದಿನಿಂದ ಮುಂದಿನ ನಾಲ್ಕು ದಶಕಗಳವರೆಗೆ ಅವರ ಕೈಬಿಡಲಿಲ್ಲ.

ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಮೈಕೆಲ್ ಓಲ್ಡ್‌ಸ್ಟೋನ್ ಅವರ ಪ್ರಯೋಗಾಲಯವನ್ನು ಸೇರಿದಾಗ ಆ ಪ್ರಶ್ನೆಗೆ ತಕ್ಕ ವೈರಸ್ಸು ಅವರಿಗೆ ದೊರೆಯಿತು. ಲಿಂಫೋಸೈಟಿಕ್ ಕೋರಿಯೊಮೆನಿಂಜೈಟಿಸ್ ವೈರಸ್, ಚಿಕ್ಕದಾಗಿ ಎಲ್‌ಸಿಎಂವಿ ಎಂದು ಕರೆಯಲಾಗುವ ಇದನ್ನು ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 1933ರ ಸೇಂಟ್ ಲೂಯಿಸ್ ಮಿದುಳುರಿಯೂತದ ಸಾಂಕ್ರಾಮಿಕಕ್ಕೆ ಸಂಬಂಧಿಸಿದ ಮಾದರಿಗಳನ್ನು ಪರೀಕ್ಷಿಸುತ್ತಿದ್ದಾಗ ಕಂಡುಹಿಡಿದಿದ್ದರು. ಇಲಿಗಳಲ್ಲಿ ಸಹಜವಾಗಿ ನೆಲೆಸುವ ಈ ವೈರಸ್ಸು ತಾನು ಹೊಕ್ಕ ಕೋಶವನ್ನು ತಾನಾಗಿ ಕೊಲ್ಲುವುದಿಲ್ಲ. ಸೋಂಕಿನಿಂದ ಉಂಟಾಗುವ ಕೇಡು ಬಹುಮಟ್ಟಿಗೆ ದೇಹದ ಪ್ರತಿರೋಧದಿಂದಲೇ ಬರುತ್ತದೆ. ಬೆಳೆದ ಇಲಿಯ ಮಿದುಳಿಗೆ ಇದನ್ನು ಚುಚ್ಚಿದರೆ ಸುಮಾರು ಒಂದು ವಾರದಲ್ಲಿ ಇಲಿ ಸಾಯುತ್ತದೆ. ಆದರೆ ಆ ಇಲಿಯಲ್ಲಿ ಟಿ ಕೋಶಗಳು ಇಲ್ಲದಿದ್ದರೆ ಅದೇ ಇಲಿ ವೈರಸ್ಸನ್ನು ಹೊತ್ತುಕೊಂಡೇ ಬದುಕುತ್ತದೆ. ಟಿ ಕೋಶಗಳೆಂದರೆ ಬಿಳಿಯ ರಕ್ತಕಣಗಳ ಒಂದು ವರ್ಗ. ಅವುಗಳಲ್ಲಿ ಸಿಡಿ8 ಎಂಬ ಗುರುತನ್ನು ಹೊತ್ತವು ಸೋಂಕಿತ ಕೋಶಗಳನ್ನು ಪತ್ತೆಹಚ್ಚಿ ಕೊಲ್ಲುತ್ತವೆ. ದೇಹದ ರಕ್ಷಣೆಯ ಲಾಭವನ್ನೂ ನಷ್ಟವನ್ನೂ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವ ಮತ್ತೊಂದು ವೈರಸ್ಸು ಸಿಗುವುದು ಕಷ್ಟವಾದ್ದರಿಂದ ಎಲ್‌ಸಿಎಂವಿ ಪ್ರತಿರಕ್ಷಾ ವಿಜ್ಞಾನಿಗಳ ಒರೆಗಲ್ಲಾಯಿತು. ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡಾಹರ್ಟಿ 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ, ಟಿ ಕೋಶವು ವೈರಸ್ಸಿನ ತುಣುಕನ್ನು ಒಂಟಿಯಾಗಿ ಗುರುತಿಸದೆ, ದೇಹದ ಸ್ವಂತ ಅಣುವೊಂದರ ಜೊತೆಯಲ್ಲಿ ಮಾತ್ರ ಗುರುತಿಸುತ್ತದೆ ಎಂದು ತೋರಿಸಿ 1996ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದದ್ದೂ ಈ ವೈರಸ್ಸಿನಿಂದಲೇ.

ಹುಟ್ಟಿದ ಕೂಡಲೇ ಎಲ್‌ಸಿಎಂವಿ ಸೋಂಕು ತಗುಲಿದ ಇಲಿಮರಿಗಳು ಬದುಕಿರುವಷ್ಟೂ ಕಾಲ ವೈರಸ್ಸನ್ನು ಹೊತ್ತಿರುತ್ತವೆ. ಇಂಥ ವಾಹಕ ಇಲಿಗಳ ಬೇರೆ ಬೇರೆ ಅಂಗಗಳಿಂದ ವೈರಸ್ಸನ್ನು ಪ್ರತ್ಯೇಕಿಸಿ ಆರೋಗ್ಯವಂತ ಬೆಳೆದ ಇಲಿಗಳಿಗೆ ಚುಚ್ಚಿದ ಅಹ್ಮದ್, ಓಲ್ಡ್‌ಸ್ಟೋನ್ ಮತ್ತು ಸಂಗಡಿಗರು 1984ರಲ್ಲಿ ಒಂದು ವಿಚಿತ್ರವನ್ನು ವರದಿ ಮಾಡಿದರು. ಮೂಲ ಆರ್ಮ್‌ಸ್ಟ್ರಾಂಗ್ ತಳಿಯನ್ನು ಬೆಳೆದ ಇಲಿ ಎಂಟು ಹತ್ತು ದಿನಗಳಲ್ಲಿ ತೊಡೆದುಹಾಕುತ್ತಿತ್ತು. ಆದರೆ ವಾಹಕ ಇಲಿಯ ಗುಲ್ಮದಿಂದ, ಎಂದರೆ ಸ್ಪ್ಲೀನ್ ಎಂಬ ಅಂಗದಿಂದ ಬಂದ ವೈರಸ್ಸು ಟಿ ಕೋಶಗಳ ಪ್ರತಿರೋಧವನ್ನು ಅಡಗಿಸಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಕ್ಲೋನ್ 13 ಎಂದು ಹೆಸರಾದ ಈ ರೂಪಾಂತರಿ ತಳಿಗೂ ಮೂಲ ತಳಿಗೂ ಇರುವ ನಿರ್ಣಾಯಕ ವ್ಯತ್ಯಾಸ ಎರಡೇ ಅಮೈನೊ ಆಮ್ಲಗಳಲ್ಲಿದೆ ಎಂಬುದು ಮುಂದೆ ಗೊತ್ತಾಯಿತು. ಒಂದು ವೈರಸ್ಸಿನ ಹೊರಮೈಯ ಪ್ರೋಟೀನಿನಲ್ಲಿ, ಇನ್ನೊಂದು ಅದರ ಪ್ರತಿಯೆತ್ತುವ ಕಿಣ್ವದಲ್ಲಿ. ಒಡಹುಟ್ಟಿದವರಂತಿರುವ ಎರಡು ವೈರಸ್ಸುಗಳಲ್ಲಿ ಒಂದು ವಾರದಲ್ಲಿ ಸೋಲುತ್ತದೆ, ಇನ್ನೊಂದು ಬೇರೂರುತ್ತದೆ. ಮೊದಲನೆಯದು ಪ್ರತಿರಕ್ಷೆಯ ನೆನಪನ್ನು, ಎರಡನೆಯದು ಅದರ ಸೋಲನ್ನು ಅಭ್ಯಸಿಸುವ ಸಾಧನವಾಯಿತು. 1984ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ತೆರೆದು, 1995ರಲ್ಲಿ ಎಮೊರಿಗೆ ಬಂದ ಅಹ್ಮದ್ ಅವರ ಮುಂದಿನ ಕೆಲಸದ ಬಹುಭಾಗ ಈ ಜೋಡಿಯ ಮೇಲೆಯೇ ನಿಂತಿದೆ.

ನೆನಪಿನ ಲೆಕ್ಕ

ಒಮ್ಮೆ ಸಿಡುಬಿನ ಲಸಿಕೆ ಹಾಕಿಸಿಕೊಂಡವರಲ್ಲಿ ದಶಕಗಳ ನಂತರವೂ ರಕ್ಷಣೆ ಉಳಿಯುವುದು ಹೇಗೆ ಎಂಬುದು ಲಸಿಕಾ ವಿಜ್ಞಾನದ ಹಳೆಯ ಒಗಟು. ವೈರಸ್ಸಿನ ಚೂರುಪಾರು ದೇಹದಲ್ಲೆಲ್ಲೋ ಉಳಿದು ಕೋಶಗಳನ್ನು ಆಗಾಗ ಎಚ್ಚರಿಸುತ್ತಿರಬೇಕು ಎಂಬ ವಾದ ಬಹುಕಾಲ ಬಲವಾಗಿತ್ತು. ಸೋಂಕಿನಿಂದ ಗುಣವಾದ ಇಲಿಗಳ ಟಿ ಕೋಶಗಳನ್ನು ವೈರಸ್ಸಿನ ಸುಳಿವೇ ಇಲ್ಲದ ಇಲಿಗಳಿಗೆ ವರ್ಗಾಯಿಸಿದಾಗ ಅಲ್ಲಿಯೂ ಆ ನೆನಪು ಅಳಿಯದೆ ಉಳಿಯುತ್ತದೆ ಎಂದು ಅಹ್ಮದ್ ಅವರ ತಂಡ 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿತು. ಪ್ರತಿಕಾಯಗಳನ್ನು, ಎಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳನ್ನು ಸ್ರವಿಸುವ ಪ್ಲಾಸ್ಮಾ ಕೋಶಗಳು ಕೂಡ ತಾವಾಗಿಯೇ ದೀರ್ಘಾಯುಷಿಗಳೆಂದು 1998ರಲ್ಲಿ ಅದೇ ತಂಡ ವರದಿ ಮಾಡಿತು. ಸಿಡುಬಿನ ಲಸಿಕೆ ಪಡೆದು 50 ವರ್ಷ ಕಳೆದವರ ರಕ್ತದಲ್ಲಿಯೂ ಅದರ ನೆನಪಿನ ಬಿ ಕೋಶಗಳು, ಎಂದರೆ ಪ್ಲಾಸ್ಮಾ ಕೋಶಗಳಾಗಿ ಮಾರ್ಪಡಬಲ್ಲ ಬಿಳಿಯ ರಕ್ತಕಣಗಳು, ಇರುವುದನ್ನು 2003ರ ಲೇಖನವೊಂದು ದೃಢಪಡಿಸಿತು.

ಆದರೆ ನೆನಪಿನ ಕೋಶಗಳು ಇವೆ ಎನ್ನುವುದಕ್ಕೂ ಅವು ಎಷ್ಟಿವೆ ಎನ್ನುವುದಕ್ಕೂ ಅಂತರವಿದೆ. ಅಂದು ಬಳಕೆಯಲ್ಲಿದ್ದ ಕ್ರಮದಲ್ಲಿ ಇಲಿಯ ಗುಲ್ಮದ ಕೋಶಗಳನ್ನು ಹಂತಹಂತವಾಗಿ ತೆಳುಗೊಳಿಸಿ ಸಣ್ಣ ಸಣ್ಣ ಕುಳಿಗಳಲ್ಲಿ ಹಂಚಿ, ವೈರಸ್ಸಿನ ಪ್ರಚೋದನೆ ಕೊಟ್ಟು, ಕೆಲವು ದಿನಗಳ ಬಳಿಕ ಯಾವ ಕುಳಿಯಲ್ಲಿ ಕೊಲ್ಲುವ ಕೋಶಗಳು ಬೆಳೆದಿವೆ ಎಂದು ನೋಡಿ ಮೂಲದಲ್ಲಿದ್ದ ಸಂಖ್ಯೆಯನ್ನು ಊಹಿಸುತ್ತಿದ್ದರು. ಈ ಲೆಕ್ಕದ ಪ್ರಕಾರ ಸೋಂಕಿನ ಉತ್ತುಂಗದಲ್ಲಿಯೂ ವೈರಸ್ಸನ್ನು ಗುರುತಿಸಬಲ್ಲ ಕೋಶಗಳು ಒಟ್ಟು ಎಚ್ಚೆತ್ತ ಕೋಶಗಳಲ್ಲಿ ಅಲ್ಪಭಾಗ ಮಾತ್ರ. ಹಾಗಾದರೆ ಮಿಕ್ಕ ಅಸಂಖ್ಯ ಕೋಶಗಳು ಎಚ್ಚೆತ್ತದ್ದು ಏಕೆ ಎಂಬುದಕ್ಕೆ, ಜಾತ್ರೆಯ ನೂಕುನುಗ್ಗಲಿನಲ್ಲಿ ದಾರಿಹೋಕರೂ ಸಿಕ್ಕಿಕೊಳ್ಳುವಂತೆ, ಸಂಬಂಧವಿಲ್ಲದ ಕೋಶಗಳೂ ಸುತ್ತಲಿನ ರಾಸಾಯನಿಕ ಸಂಕೇತಗಳಿಂದ ಉದ್ರೇಕಗೊಳ್ಳುತ್ತವೆ ಎಂಬ ವಿವರಣೆಯನ್ನು ನೀಡಲಾಗುತ್ತಿತ್ತು.

ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಡೇವಿಸ್ ಅವರೊಂದಿಗೆ ಕೆಲಸ ಮಾಡುತ್ತಿದ್ದ ಜಾನ್ ಆಲ್ಟ್‌ಮನ್ 1996ರಲ್ಲಿ ಪ್ರಕಟಿಸಿದ ಟೆಟ್ರಾಮರ್ ವಿಧಾನ ಈ ಚಿತ್ರವನ್ನು ಬದಲಿಸಿತು. ವೈರಸ್ಸಿನ ತುಣುಕನ್ನು ಹಿಡಿದ ದೇಹದ ಸ್ವಂತ ಅಣುಗಳನ್ನು, ಎಂದರೆ ಜಿಂಕರ್‌ನಾಗೆಲ್ ಮತ್ತು ಡಾಹರ್ಟಿ ಸೂಚಿಸಿದ್ದ ಆ ಜೋಡಿಯನ್ನು, ನಾಲ್ಕು ನಾಲ್ಕಾಗಿ ಹೊಸೆದು ಹೊಳೆಯುವ ಬಣ್ಣ ಕಟ್ಟಿದಾಗ ಅದು ತಕ್ಕ ಟಿ ಕೋಶಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಕೋಶವನ್ನು ಬೆಳೆಸುವ ಗೊಡವೆಯಿಲ್ಲದೆ ನೇರವಾಗಿ ಯಂತ್ರದಲ್ಲಿ ಎಣಿಸಬಹುದು. ಆಲ್ಟ್‌ಮನ್ ಎಮೊರಿಗೆ ಬಂದ ಮೇಲೆ ಕಾಜಾ ಮುರಳಿಕೃಷ್ಣ, ಅಹ್ಮದ್ ಮತ್ತು ಸಂಗಡಿಗರು ಈ ವಿಧಾನವನ್ನೂ ಇನ್ನೆರಡು ಸೂಕ್ಷ್ಮ ಪರೀಕ್ಷೆಗಳನ್ನೂ ಎಲ್‌ಸಿಎಂವಿ ಸೋಂಕಿಗೆ ಹಚ್ಚಿ 1998ರಲ್ಲಿ ಹೊಸ ಲೆಕ್ಕವನ್ನು ಮುಂದಿಟ್ಟರು. ಎಚ್ಚೆತ್ತ ಸಿಡಿ8 ಕೋಶಗಳಲ್ಲಿ ಶೇಕಡಾ 50ರಿಂದ 70ರಷ್ಟು ಆ ವೈರಸ್ಸಿಗೇ ಮೀಸಲಾದವು; ಒಂದು ಇಲಿಯ ಗುಲ್ಮದಲ್ಲಿ ಅವುಗಳ ಸಂಖ್ಯೆ ಸುಮಾರು 2 ಕೋಟಿ. ಸೋಂಕು ಅಡಗಿದ ಬಳಿಕ ಅದು ಸುಮಾರು 10 ಲಕ್ಷಕ್ಕೆ ಇಳಿದು, ಇಲಿಯ ಆಯುಷ್ಯವಿಡೀ ಅಲ್ಲಿಯೇ ನಿಲ್ಲುತ್ತದೆ. ದಾರಿಹೋಕರೆಂದು ಎಣಿಸಿದ್ದ ಕೋಶಗಳಲ್ಲಿ ಬಹುಪಾಲು ಜಾತ್ರೆಗೆಂದೇ ಬಂದವುಗಳಾಗಿದ್ದವು. ಗಾಜಿನ ಕುಳಿಯಲ್ಲಿ ಬದುಕಿ ಬೆಳೆಯಲಾರದ್ದನ್ನೆಲ್ಲ ಇಲ್ಲವೆಂದು ಬಗೆದದ್ದು ಹಳೆಯ ವಿಧಾನದ ದೋಷವಾಗಿತ್ತು.

ಇದ್ದೂ ಇಲ್ಲದಂತಹ ಕೋಶಗಳು

ಹೊಸ ಎಣಿಕೆಯ ಮಿತಿಯೂ ಅದೇ ವರ್ಷ ಅದೇ ಪ್ರಯೋಗಾಲಯದಲ್ಲಿ ಬಯಲಾಯಿತು. ಅತಿಯಾದ ವೈರಸ್ಸಿನ ಒತ್ತಡಕ್ಕೆ ಸಿಕ್ಕಿದ ಟಿ ಕೋಶಗಳು ಬಳಲಿ ನಾಶವಾಗುತ್ತವೆ ಎಂದು ಜಿಂಕರ್‌ನಾಗೆಲ್ ಅವರ ತಂಡ 1993ರಲ್ಲಿ ಹೇಳಿತ್ತು. ಕ್ಲೋನ್ 13 ಸೋಂಕಿನ ಇಲಿಗಳನ್ನು ಟೆಟ್ರಾಮರಿನಿಂದ ಪರೀಕ್ಷಿಸಿದ ಅಲನ್ ಝಾಯಾಕ್, ಅಹ್ಮದ್ ಮತ್ತು ಸಂಗಡಿಗರು 1998ರಲ್ಲಿ ಇದಕ್ಕೊಂದು ತಿದ್ದುಪಡಿಯನ್ನು ಸೇರಿಸಿದರು: ಕೆಲವು ಕೋಶಗಳು ನಿಜವಾಗಿಯೂ ನಾಶವಾಗುತ್ತವೆ, ಇನ್ನು ಕೆಲವು ಅಲ್ಲಿಯೇ ಇರುತ್ತವೆ, ಟೆಟ್ರಾಮರಿಗೆ ಅಂಟುತ್ತವೆ, ಎಣಿಕೆಗೂ ಸಿಗುತ್ತವೆ, ಆದರೆ ವೈರಸ್ಸನ್ನು ಎದುರಿಗಿಟ್ಟರೂ ಸೋಂಕಿತ ಕೋಶವನ್ನು ಕೊಲ್ಲುವುದಿಲ್ಲ, ಇಂಟರ್‌ಫೆರಾನ್ ಗಾಮಾ ಎಂಬ ಪ್ರತಿರೋಧಕ ಪ್ರೋಟೀನನ್ನೂ ಸ್ರವಿಸುವುದಿಲ್ಲ. ಟಿ ಕೋಶಗಳ ಬಳಲಿಕೆ ಎಂದು ಹೆಸರಾದ ಈ ಸ್ಥಿತಿಯಲ್ಲಿ ಕೋಶಗಳು ತಮ್ಮ ಸಾಮರ್ಥ್ಯಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತವೆ ಎಂಬುದನ್ನು ಜಾನ್ ವೆರಿ ಮತ್ತು ಅಹ್ಮದ್ 2003ರಲ್ಲಿ ವಿವರಿಸಿದರು.

ಬಳಲಿದ ಕೋಶವನ್ನು ತಡೆಹಿಡಿದಿರುವುದು ಏನು ಎಂಬ ಪ್ರಶ್ನೆಗೆ ಉತ್ತರ 2006ರಲ್ಲಿ ಬಂದಿತು. ಚೆನ್ನಾಗಿ ಕೆಲಸಮಾಡುವ ಕೋಶಗಳಲ್ಲಿಯೂ ಬಳಲಿದ ಕೋಶಗಳಲ್ಲಿಯೂ ಚಟುವಟಿಕೆಯಲ್ಲಿರುವ ಜೀನುಗಳನ್ನು ಹೋಲಿಸಿ ನೋಡಿದಾಗ, ಬಳಲಿದವುಗಳ ಮೈಮೇಲೆ ಪಿಡಿ-1 ಎಂಬ ಪ್ರೋಟೀನು ಹೇರಳವಾಗಿರುವುದು ಕಂಡಿತು. ಜಪಾನಿನ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಗುರುತಿಸಿದ್ದ ಈ ಪ್ರೋಟೀನು ಟಿ ಕೋಶದ ವೇಗವನ್ನು ತಗ್ಗಿಸುವ ಬ್ರೇಕಿನಂತೆ ಕೆಲಸ ಮಾಡುತ್ತದೆ. ಬೇರೆ ಕೋಶಗಳ ಮೇಲಿರುವ ಪಿಡಿ-ಎಲ್1 ಎಂಬ ಜೊತೆಗಾರ ಪ್ರೋಟೀನು ಅದನ್ನು ಒತ್ತುತ್ತದೆ. ಡೇನಿಯಲ್ ಬಾರ್ಬರ್, ವೆರಿ, ಅಹ್ಮದ್ ಮತ್ತು ಹಾರ್ವರ್ಡಿನ ಸಹೋದ್ಯೋಗಿಗಳು ಪ್ರತಿಕಾಯ ಬಳಸಿ ಈ ಒತ್ತುವಿಕೆಯನ್ನು ತಡೆದಾಗ ಬಳಲಿದ ಕೋಶಗಳು ಮತ್ತೆ ವಿಭಜನೆಗೊಂಡವು, ಕೊಲ್ಲುವ ಶಕ್ತಿಯನ್ನು ಮರಳಿ ಪಡೆದವು, ವೈರಸ್ಸಿನ ಪ್ರಮಾಣ ಇಳಿಯಿತು. ಅದೇ ವರ್ಷ ಎಚ್‌ಐವಿ ಸೋಂಕಿತರ ಟಿ ಕೋಶಗಳಲ್ಲಿಯೂ ಇಂಥದೇ ಸ್ಥಿತಿಯಿರುವುದನ್ನು ಹಲವು ತಂಡಗಳು ಪ್ರಕಟಿಸಿದವು.

ಕ್ಯಾನ್ಸರ್ ಗಡ್ಡೆಗಳು ಪಿಡಿ-ಎಲ್1ನ್ನು ಮುಂದೊಡ್ಡಿ ಟಿ ಕೋಶಗಳಿಂದ ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಹೊಂಜೊ ಮತ್ತು ಇತರರು 2002ರಲ್ಲೇ ಇಲಿಗಳಲ್ಲಿ ತೋರಿಸಿದ್ದರು. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯ ಕೀರ್ತಿಯನ್ನು ಎಲ್‌ಸಿಎಂವಿ ಪ್ರಯೋಗಗಳಿಗೆ ಮಾತ್ರ ಸಲ್ಲಿಸುವುದು ಸರಿಯಾಗದು. ಗಡ್ಡೆಯೊಳಗಿನ ಟಿ ಕೋಶಗಳು ಯಾವ ಸ್ಥಿತಿಯಲ್ಲಿರುತ್ತವೆ, ಬ್ರೇಕು ತೆಗೆದಾಗ ಅವುಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ಚೌಕಟ್ಟನ್ನು ಒದಗಿಸಿದ್ದು ಆ ಪ್ರಯೋಗಗಳ ಕೊಡುಗೆ. ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಎಂಬ ಪಿಡಿ-1 ತಡೆ ಔಷಧಗಳಿಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಈ ಬಗೆಯ ಚಿಕಿತ್ಸೆಗೆ ಅಡಿಪಾಯ ಹಾಕಿದ ಹೊಂಜೊ ಮತ್ತು ಜೇಮ್ಸ್ ಆಲಿಸನ್ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಬ್ರೇಕು ತೆಗೆದಾಗ ಬಳಲಿದ ಕೋಶಗಳೆಲ್ಲವೂ ಚೇತರಿಸಿಕೊಳ್ಳುವುದಿಲ್ಲ, ಅವುಗಳ ನಡುವೆ ಕಾಂಡಕೋಶದ ಗುಣವನ್ನು ಉಳಿಸಿಕೊಂಡ ಒಂದು ಸಣ್ಣ ಗುಂಪು ಮಾತ್ರ ಪುಟಿದೇಳುತ್ತದೆ ಎಂದು ಅಹ್ಮದ್ ಅವರ ತಂಡ 2016ರಲ್ಲಿ ತೋರಿಸಿದ ಮೇಲೆ, ಔಷಧ ಕೆಲವು ರೋಗಿಗಳಲ್ಲಿ ಫಲಿಸಿ ಕೆಲವರಲ್ಲಿ ಫಲಿಸದಿರುವುದನ್ನು ಅರ್ಥಮಾಡಿಕೊಳ್ಳಲು ಇನ್ನೊಂದು ಎಳೆ ಸಿಕ್ಕಿತು.

ಉಲ್ಲೇಖವೆಂಬ ಅಳತೆಗೋಲು

ಇಂಥ ಕೆಲಸದ ಪ್ರಭಾವವನ್ನು ಅಳೆಯುವ ಉಲ್ಲೇಖ ಸೂಚಿಯ ಮೂಲ ವಿಜ್ಞಾನದಲ್ಲಿಲ್ಲ, ನ್ಯಾಯಶಾಸ್ತ್ರದಲ್ಲಿದೆ. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂದು ವಕೀಲರಿಗೆ ತಿಳಿಸುವ ಶೆಪರ್ಡ್ ಸೂಚಿ ಅಮೆರಿಕದಲ್ಲಿ 1873ರಿಂದ ಬಳಕೆಯಲ್ಲಿತ್ತು. ಅದನ್ನು ಮಾದರಿಯಾಗಿಟ್ಟುಕೊಂಡು ವಿಜ್ಞಾನಕ್ಕೂ ಅಂಥ ಸೂಚಿ ಬೇಕೆಂದು ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. 1960ರ ದಶಕದಲ್ಲಿ ಅವರ ಸಂಸ್ಥೆ ವಿಜ್ಞಾನ ಉಲ್ಲೇಖ ಸೂಚಿಯನ್ನು ಹೊರತಂದಿತು. ಗಾರ್‌ಫೀಲ್ಡ್ ಅವರ ಮೂಲ ಉದ್ದೇಶ ಒಂದು ಲೇಖನದಿಂದ ಅದನ್ನು ಬಳಸಿಕೊಂಡ ಮುಂದಿನ ಲೇಖನಗಳಿಗೆ ಓದುಗನನ್ನು ಕರೆದೊಯ್ಯುವುದಾಗಿತ್ತು. ಹುಡುಕಾಟಕ್ಕೆಂದು ಮಾಡಿದ ಸಾಧನ ಕ್ರಮೇಣ ತಕ್ಕಡಿಯಾಯಿತು.

ಭೌತವಿಜ್ಞಾನಿ ಹೊರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಸೂಚ್ಯಂಕ ಈ ತಕ್ಕಡಿಯ ಹೆಚ್ಚು ಬಳಕೆಯ ರೂಪ. ಒಬ್ಬ ವಿಜ್ಞಾನಿಯ 20 ಲೇಖನಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದು, ಅಂಥ 21 ಲೇಖನಗಳು ತಲಾ 21ನ್ನು ಮುಟ್ಟದಿದ್ದರೆ ಆತನ ಸೂಚ್ಯಂಕ 20. ಒಂದೇ ಲೇಖನದ ಅದೃಷ್ಟಕ್ಕೂ ಉಲ್ಲೇಖವೇ ಇಲ್ಲದ ನೂರು ಲೇಖನಗಳ ರಾಶಿಗೂ ಇಲ್ಲಿ ಬೆಲೆ ಕಡಿಮೆ ಎಂಬುದು ಇದರ ಗುಣ. ಆದರೆ ಈ ಸಂಖ್ಯೆ ವಯಸ್ಸಿನೊಂದಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ; ಸಾವಿರಾರು ಪ್ರಯೋಗಾಲಯಗಳಿರುವ ಪ್ರತಿರಕ್ಷಾ ವಿಜ್ಞಾನದಲ್ಲಿ ಸುಲಭವಾಗಿ ಬೆಳೆಯುವ ಇದು ಕೆಲವೇ ಜನ ದುಡಿಯುವ ಗಣಿತದ ಕವಲುಗಳಲ್ಲಿ ಕುಂಟುತ್ತದೆ. ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ವಿವರಿಸಿದ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಲೇಖನ 3 ಲಕ್ಷಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿರುವುದು, ಉಲ್ಲೇಖವು ವಿಚಾರದ ಆಳಕ್ಕಿಂತ ಬಳಕೆಯ ವ್ಯಾಪ್ತಿಯನ್ನೇ ಹೆಚ್ಚು ದಾಖಲಿಸುತ್ತದೆ ಎಂಬುದಕ್ಕೆ ಸಾಕ್ಷಿ.

ಎರಡು ಪಾಠಗಳು

ವಿಧಾನದ ಕಣ್ಣಿಗೆ ಬೀಳದ್ದು ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು 1998ರ ಮೊದಲ ಪಾಠ. ಉಲ್ಲೇಖ ಸೂಚಿಗೂ ಅದು ಹಾಗೆಯೇ ಅನ್ವಯಿಸುತ್ತದೆ. ಒಂದು ಸಂಶೋಧನೆ ಎಲ್ಲರ ತಿಳಿವಳಿಕೆಯಲ್ಲಿ ಬೆರೆತುಹೋದ ಮೇಲೆ ಅದನ್ನು ಯಾರೂ ಹೆಸರಿಸಿ ಉಲ್ಲೇಖಿಸದಿರುವ ವಿದ್ಯಮಾನವನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಜಿಂಕರ್‌ನಾಗೆಲ್ ಮತ್ತು ಡಾಹರ್ಟಿ ಕಂಡುಕೊಂಡ ನಿಯಮವನ್ನು ಇಂದು ಪಠ್ಯಪುಸ್ತಕಗಳು ಬೋಧಿಸುತ್ತವೆ, ಅದನ್ನು ಆಧರಿಸಿದ ಪ್ರಯೋಗಗಳು ಆ ಮೂಲ ಲೇಖನದ ಹೆಸರೆತ್ತದೆಯೇ ನಡೆಯುತ್ತವೆ. ಕ್ಲೋನ್ 13ನ್ನು ಬಳಸುವ ಲೇಖನವೊಂದು 1984ರ ಲೇಖನದ ಬದಲು ಹತ್ತಿರದ ವರ್ಷಗಳ ವಿಮರ್ಶಾ ಲೇಖನವನ್ನು ಉಲ್ಲೇಖಿಸಿದರೆ, ಸಂಖ್ಯೆ ಮೂಲವನ್ನು ಬಿಟ್ಟು ಬೇರೆಡೆ ಜಮೆಯಾಗುತ್ತದೆ. ಒಂದು ಪ್ರಯೋಗಾಲಯದಿಂದ ಮತ್ತೊಂದಕ್ಕೆ ಹೋಗುವ ವೈರಸ್ಸಿನ ತಳಿಗಳು ಮತ್ತು ಎಮೊರಿಯಲ್ಲಿರುವ ಟೆಟ್ರಾಮರ್ ತಯಾರಿಕಾ ಕೇಂದ್ರದಿಂದ ಇತರ ಸಂಶೋಧಕರಿಗೆ ಸರಬರಾಜಾಗುವ ಟೆಟ್ರಾಮರುಗಳು ಈ ಲೆಕ್ಕದಲ್ಲಿ ಪೂರ್ತಿಯಾಗಿ ಕಾಣಿಸಿಕೊಳ್ಳುವುದಿಲ್ಲ. ಅಹ್ಮದ್ ಅವರ ಬಳಿ ತರಬೇತಾಗಿ ತಮ್ಮದೇ ಪ್ರಯೋಗಾಲಯಗಳನ್ನು ಕಟ್ಟಿದ ವೆರಿ, ಸೂಸನ್ ಕೇಕ್, ಬಾರ್ಬರ್ ಅವರಂಥವರ ಮುಂದಿನ ಕೆಲಸವೂ, ಎಮೊರಿಯ ಸಹಯೋಗದಲ್ಲಿ ನವದೆಹಲಿಯ ಅಂತಾರಾಷ್ಟ್ರೀಯ ತಳಿ ಎಂಜಿನಿಯರಿಂಗ್ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರದಲ್ಲಿ ಸ್ಥಾಪನೆಗೊಂಡು ಡೆಂಗಿಯಂಥ ರೋಗಗಳ ಪ್ರತಿರಕ್ಷೆಯನ್ನು ಅಭ್ಯಸಿಸುತ್ತಿರುವ ಲಸಿಕಾ ಕೇಂದ್ರವೂ ಗುರುವಿನ ಸೂಚ್ಯಂಕದ ಹೊರಗೇ ಉಳಿಯುತ್ತವೆ.

ಎಣಿಕೆಗೆ ಸಿಕ್ಕಿದ್ದೆಲ್ಲವೂ ಕೆಲಸ ಮಾಡುತ್ತಿರುತ್ತದೆ ಎನ್ನಲಾಗದು ಎಂಬುದು ಎರಡನೆಯ ಪಾಠ. ಲೇಖನದ ಪೀಠಿಕೆಯಲ್ಲಿ ವಾಡಿಕೆಯಂತೆ ಬಂದು ಹೋಗುವ ಉಲ್ಲೇಖ, ಮೂಲವನ್ನು ಓದದೆ ಇನ್ನೊಂದು ಪಟ್ಟಿಯಿಂದ ಎತ್ತಿಕೊಂಡ ಉಲ್ಲೇಖ, ಸ್ವಂತ ಹಳೆಯ ಲೇಖನಗಳಿಗೆ ಕೊಟ್ಟುಕೊಂಡ ಉಲ್ಲೇಖ, ತಪ್ಪೆಂದು ತೋರಿಸಲಿಕ್ಕಾಗಿ ಮಾಡಿದ ಉಲ್ಲೇಖ, ಇವೆಲ್ಲವೂ ಸೂಚಿಯಲ್ಲಿ ತಲಾ ಒಂದೇ ಅಂಕವನ್ನು ಪಡೆಯುತ್ತವೆ; ವಕೀಲರ ಶೆಪರ್ಡ್ ಸೂಚಿ ಎತ್ತಿಹಿಡಿದದ್ದನ್ನೂ ತಳ್ಳಿಹಾಕಿದ್ದನ್ನೂ ಬೇರೆ ಮಾಡಿ ತೋರಿಸುತ್ತಿದ್ದ ವಿವೇಕ ವಿಜ್ಞಾನದ ಸೂಚಿಗೆ ಬರುವಾಗ ಸೋರಿಹೋಯಿತು. ಹೆಸರಾದವರಿಗೇ ಮತ್ತಷ್ಟು ಮನ್ನಣೆ ಹರಿಯುವ ಪ್ರವೃತ್ತಿಯನ್ನು ಮರ್ಟನ್ 1968ರಲ್ಲಿ ವಿವರಿಸಿದ್ದರು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಅಹ್ಮದ್ ಅವರಂಥ ಹಿರಿಯರ ಲೇಖನಗಳಿಗೆ ಬರುವ ಉಲ್ಲೇಖಗಳಲ್ಲಿಯೂ ಅದರ ಪಾಲಿಲ್ಲವೆನ್ನಲಾಗದು.

ಹಾಗೆಂದು ಉಲ್ಲೇಖಗಳ ರಾಶಿಯನ್ನು ಪೊಳ್ಳೆಂದು ತಳ್ಳಿಹಾಕುವುದೂ ತರವಲ್ಲ. 2006ರ ಲೇಖನದ ಬಳಿಕ ಸೋಂಕಿನ ಸಂಶೋಧಕರೂ ಕ್ಯಾನ್ಸರ್ ಸಂಶೋಧಕರೂ ಅದುವರೆಗೆ ಮಾಡದಿದ್ದ ಪ್ರಯೋಗಗಳನ್ನು ಮಾಡತೊಡಗಿದರು. ಒಂದು ಉಲ್ಲೇಖ ಜೀವಂತವಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಅದೇ ಪರೀಕ್ಷೆ ಇನ್ನೊಂದು ಸಂಗತಿಯನ್ನೂ ಹೊರಗೆಡಹುತ್ತದೆ: ದೀರ್ಘಕಾಲದ ವೈರಸ್ ಸೋಂಕನ್ನು ಗೆಲ್ಲುವ ಪ್ರಶ್ನೆಯಿಂದ ಹೊರಟ ಈ ಸಂಶೋಧನೆಯ ಫಲ ಆಸ್ಪತ್ರೆಯಲ್ಲಿ ಹೆಚ್ಚಾಗಿ ಕಂಡದ್ದು ಕ್ಯಾನ್ಸರ್ ರೋಗಿಗಳ ಪಾಲಿಗೆ, ಎಚ್‌ಐವಿಗೆ ಪಿಡಿ-1 ತಡೆ ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ, ಹೆಪಟೈಟಿಸ್ ಸಿ ರೋಗವನ್ನು ವೈರಸ್ಸಿನ ಮೇಲೆ ನೇರವಾಗಿ ವರ್ತಿಸುವ ಮಾತ್ರೆಗಳು ಗೆದ್ದವು. ಸಂಶೋಧನೆಯನ್ನು ಅದರ ಒಳಗಿನ ತಿರುಳಿನಿಂದ ಅಳೆಯಬೇಕೇ ಹೊರತು ಪ್ರಕಟವಾದ ಪತ್ರಿಕೆಯ ಅಂಕಿಗಳಿಂದಲ್ಲ ಎಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹೇಳುವುದೂ, ಇಂಥದ್ದನ್ನು ಅಂಕಿಗಳು ತೋರಿಸಲಾರವು ಎಂಬ ಕಾರಣಕ್ಕೇ.

ಬಳಲಿಕೆಯನ್ನು ಅಭ್ಯಸಿಸುವ ಪ್ರಯೋಗಾಲಯದಲ್ಲಿ ಒಂದೇ ಗುಲ್ಮದ ಕೋಶಗಳನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲಿಗೆ ಟೆಟ್ರಾಮರ್ ಹಚ್ಚಿ ವೈರಸ್ಸನ್ನು ಗುರುತಿಸುವ ಕೋಶಗಳೆಷ್ಟು ಎಂದು ಎಣಿಸುತ್ತಾರೆ; ಇನ್ನೊಂದಕ್ಕೆ ವೈರಸ್ಸಿನ ತುಣುಕನ್ನು ಕೊಟ್ಟು ಇಂಟರ್‌ಫೆರಾನ್ ತಯಾರಿಸಬಲ್ಲ ಕೋಶಗಳೆಷ್ಟು ಎಂದು ನೋಡುತ್ತಾರೆ. ಬಿಡಿಬಿಡಿಯಾಗಿ ಈ ಎರಡು ಸಂಖ್ಯೆಗಳು ಹೇಳುವುದು ಕಡಿಮೆ, ಅವುಗಳ ನಡುವಿನ ಅಂತರವೇ ಫಲಿತಾಂಶ. ವಿಜ್ಞಾನಿಯ ಹೆಸರಿನ ಮುಂದೆ ಬರೆದ ಸೂಚ್ಯಂಕವನ್ನು ಓದುವಾಗಲೂ ಎರಡನೆಯ ಪಾಲಿನ ಪರೀಕ್ಷೆಯನ್ನು ಯಾರಾದರೂ ಮಾಡಿದ್ದಾರೆಯೇ ಎಂದು ಕೇಳುವುದು ಆ ಪ್ರಯೋಗಾಲಯದ ಶಿಸ್ತಿಗೆ ಒಪ್ಪುವ ನಡೆ.